ಅಮ್ಮನ ವೀಲ್‌ಚೇರ್ ಅಳತೆಗೆ ಮನೆ: ಲಿಂಟಲ್ ಮಟ್ಟಕ್ಕೆ ಬಂತು

ಗೋಡೆ ಲಿಂಟಲ್ ಮಟ್ಟ, ಅಂದರೆ ಬಾಗಿಲು ಕಿಟಕಿಗಳ ಮೇಲಂಚಿನ ಮಟ್ಟ, ಮುಟ್ಟಿದೆ. ಪಾಯ ತೋಡಿ ಇವತ್ತಿಗೆ ಐದು ತಿಂಗಳು. ಮೈಸೂರಿನ ಹೊರಗಿನ ನಮ್ಮ ಸೈಟಿನಲ್ಲಿ ಏನಾಗ್ತಿದೆ ಅಂತ ಸುಮಾರು ಜನ ಕೇಳ್ತಿದ್ದೀರಿ, ಅದಕ್ಕೇ ಇಲ್ಲಿಯವರೆಗಿನ ಲೆಕ್ಕ ಬರೆದಿಡುತ್ತಿದ್ದೇನೆ.

ಹೊಸಬರಿಗೆ ಒಂದು ಮಾತು. ಬೆನ್ನಿನ ಆಪರೇಷನ್ ಆದ ಮೇಲೆ ಅಮ್ಮನಿಗೆ ಕಾಲಲ್ಲಿ ಬಲ ಇಲ್ಲ. ಕೈ ಗಟ್ಟಿಯಾಗಿದೆ, ವೀಲ್‌ಚೇರ್ ತಾವೇ ತಳ್ಳಿಕೊಳ್ಳುತ್ತಾರೆ. ಈಗಿನ ಬಾಡಿಗೆ ಮನೆಯ ಬಚ್ಚಲ ಬಾಗಿಲು ಮಾತ್ರ ಎರಡು ಅಡಿ. ಅಲ್ಲಿಗೆ ಬಂದರೆ ಅವರು ಯಾರನ್ನಾದರೂ ಕರೆಯಲೇಬೇಕು. ಹೊಸ ಮನೆಯಲ್ಲಿ ಅವರು ಯಾವುದಕ್ಕೂ ಯಾರನ್ನೂ ಕೂಗಬಾರದು. ನಮ್ಮ ಪ್ಲಾನ್ ಶುರುವಾಗಿದ್ದೇ ಅಲ್ಲಿಂದ.

ಮೊದಲ ಜಗಳ ಪ್ಲಿಂತ್ ಎತ್ತರದ್ದು, ಅಂದರೆ ಮನೆಯ ನೆಲ ಹೊರಗಿನ ನೆಲಕ್ಕಿಂತ ಎಷ್ಟು ಮೇಲಿರಬೇಕು ಅನ್ನೋದು. ಮೇಸ್ತ್ರಿ ಮೂರು ಅಡಿ ಬೇಕೇ ಬೇಕು ಅಂದರು. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಮನೆ ತಗ್ಗಿಗೆ ಹೋಗುತ್ತೆ ಅನ್ನೋದು ಅವರ ಭಯ, ಅದು ಸುಳ್ಳೇನಲ್ಲ. ಆದರೆ ರ‍್ಯಾಂಪಿಗೆ 1:12 ಇಳಿಜಾರು ಅಂದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಮೂರು ಅಡಿಗೆ 36 ಅಡಿ! ಸೈಟು ಹೇಗೂ ರಸ್ತೆಗಿಂತ ಎತ್ತರದಲ್ಲಿದೆ. ಸುತ್ತ ಚರಂಡಿ ಮಾಡಿ ಒಂದೂವರೆ ಅಡಿಗೆ ಒಪ್ಪಿಸಿದೆ.

1:12 ಸಾಕಾ ಅಂತ ಕಾಗದದ ಮೇಲೆ ನೋಡಿದರೆ ಗೊತ್ತಾಗಲ್ಲ. ಎರಡು ಪ್ಲೈವುಡ್ ಹಲಗೆಗಳನ್ನು ಇಟ್ಟಿಗೆ ಮೇಲೆ ಇಳಿಜಾರಾಗಿ ಜೋಡಿಸಿ, ಅಮ್ಮನನ್ನೇ ಸೈಟಿಗೆ ಕರೆದುಕೊಂಡು ಬಂದೆ. 1:12ರಲ್ಲಿ ಅರ್ಧ ಹತ್ತಿ ನಿಂತರು. ಹಿಂದಿನಿಂದ ಹಿಡಿಯೋಕೆ ಹೋದರೆ ‘ಬಿಡು, ಬಿಡು’ ಅಂದರು. ಆದರೂ ಆಗಲಿಲ್ಲ. ಇಟ್ಟಿಗೆ ಸರಿಸಿ 1:15 ಮಾಡಿದೆವು. ಒಂದೇ ಉಸಿರಿಗೆ ಮೇಲೆ ಹೋದರು. ನಿಯಮದ ಪುಸ್ತಕ 1:12 ಅನ್ನುತ್ತೆ, ನಮ್ಮಮ್ಮನ ತೋಳು 1:15 ಅನ್ನುತ್ತೆ. ನಾವು ತೋಳಿನ ಮಾತು ಕೇಳಿದೆವು. ಒಟ್ಟು ಇಪ್ಪತ್ತೆರಡೂವರೆ ಅಡಿ ಇಳಿಜಾರು, ಜಗಲಿ ಪಕ್ಕದಲ್ಲಿ ತಿರುಗಿಕೊಂಡು ಬರುತ್ತೆ, ನಡುವೆ ನಿಲ್ಲೋಕೆ ಐದಡಿ ಸಮತಟ್ಟು ಜಾಗ. ಚಕ್ರ ಜಾರದ ಹಾಗೆ ಅಂಚಿಗೆ ನಾಲ್ಕು ಇಂಚಿನ ಕಟ್ಟೆ.

ಬಚ್ಚಲನ್ನೂ ಹೀಗೇ ನೋಡಿದೆವು. ಗೋಡೆ ಏಳುವ ಮುಂಚೆ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ನಿಜವಾದ ಅಳತೆಗೇ ಗೆರೆ ಎಳೆದೆ. ಕಮೋಡಿನ ಜಾಗದಲ್ಲಿ ಒಂದು ಸ್ಟೂಲ್. ಅಮ್ಮ ಒಳಗೆ ಬಂದು ಗಾಡಿ ತಿರುಗಿಸಿದರು. ಕಾಲಿಡುವ ತಟ್ಟೆ ಗೆರೆ ದಾಟಿ ರಂಗೋಲಿ ಅಳಿಸಿಕೊಂಡು ಹೋಯಿತು. ಅಲ್ಲಿ ಗೋಡೆ ಇದ್ದಿದ್ದರೆ ಬೆರಳು ಜಜ್ಜುತ್ತಿತ್ತು. ಪ್ಲಾನಿನಲ್ಲಿ ಗಾಡಿ ತಿರುಗೋಕೆ ಬೇಕಾದ ಐದಡಿ ವೃತ್ತ ಸರಿಯಾಗೇ ಇತ್ತು, ನಾನು ವಾಷ್‌ಬೇಸಿನ್ ಜಾಗ ಲೆಕ್ಕಕ್ಕೆ ಹಿಡಿದಿರಲಿಲ್ಲ. ಗೋಡೆಯನ್ನು ಒಂಬತ್ತು ಇಂಚು ಆಚೆಗೆ ತಳ್ಳಿದೆವು. ಒಂದು ಪ್ಯಾಕೆಟ್ ರಂಗೋಲಿಯಲ್ಲಿ ಮುಗಿದು ಹೋಯಿತು ಅಲ್ವಾ!

ಇನ್ನು ಗೋಡೆ. ಸುಟ್ಟ ಇಟ್ಟಿಗೆ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಅದಕ್ಕೆ ಗದ್ದೆಯ, ಕೆರೆಯ ಒಳ್ಳೆ ಮಣ್ಣು ಹೋಗುತ್ತೆ, ಗೂಡಿಗೆ ಸೌದೆ ಹೋಗುತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನದ ‘ಅಸ್ತ್ರ’ ವಿಭಾಗದವರು, ಪ್ರೊ. ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು, ನಮ್ಮ ಕೆಂಪು ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತುವ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನಾನು ಹಿಡಿದಿರೋದು ಅದೇ ದಾರಿ.

ಮೇಲಿನ ಒಂದು ಅಡಿ ಮಣ್ಣು ತೋಟಕ್ಕೆ ಎತ್ತಿಟ್ಟು, ಅದರ ಕೆಳಗಿನದನ್ನು ಬಾಟಲಿಗೆ ಹಾಕಿ ನೀರು ಸೇರಿಸಿ ಕುಲುಕಿದೆ. ಮರಳು ಆಗಲೇ ತಳಕ್ಕೆ ಕೂತಿತು. ಜೇಡಿ ಮಾತ್ರ ಮಾರನೇ ದಿನವೂ ನೀರಲ್ಲಿ ತೇಲುತ್ತಿತ್ತು. ಜೇಡಿ ಜಾಸ್ತಿ ಇದ್ದರೆ ಇಟ್ಟಿಗೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತೆ. ಅದಕ್ಕೆ ಕ್ವಾರಿ ಪುಡಿ ಬೆರೆಸಿದೆವು, ಸಿಮೆಂಟ್ 7%. ಹದ ನೋಡೋಕೆ ಮಣ್ಣಿನ ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಬೇಕು. ಪುಡಿಯಾದರೆ ನೀರು ಸಾಲದು, ಮುದ್ದೆಯಾಗಿ ಕೂತರೆ ನೀರು ಜಾಸ್ತಿ, ನಾಲ್ಕೈದು ಚೂರಾದರೆ ಸರಿ. ಕೈಯಲ್ಲಿ ಒತ್ತುವ ಮೆಷಿನ್ನಿನಲ್ಲಿ 230 x 190 x 100 ಮಿ.ಮೀ. ಇಟ್ಟಿಗೆ. ಒಂದು ಮೂಟೆ ಸಿಮೆಂಟಿಗೆ 85ರಿಂದ 90 ಬಂದವು.

ಮೊದಲ 400 ಇಟ್ಟಿಗೆಗಳಲ್ಲಿ ಪೆಟ್ಟು ತಿಂದೆ. ಎರಡು ದಿನ ಊರಿಗೆ ಹೋಗಿದ್ದೆ, ಗೋಣಿಚೀಲ ಹೊದಿಸಿ ನೀರು ಹಾಕೋಕೆ ಯಾರಿಗೂ ಹೇಳಿರಲಿಲ್ಲ. ವಾಪಸ್ ಬಂದು ಮೊಳೆಯಿಂದ ಗೀರಿದರೆ ಮೂಲೆಗಳು ರವೆ ಥರ ಉದುರಿದವು. ತುಂಬಾ ಬೇಜಾರಾಯಿತು. 120 ಇಟ್ಟಿಗೆ ತೋಟದ ಪಾತಿಗೆ ಹೋದವು. ಆಮೇಲಿನವಕ್ಕೆಲ್ಲ ಬೆಳಿಗ್ಗೆ ಸಂಜೆ ತಪ್ಪದೆ ನೀರು, 28 ದಿನ. ಈಗ ಮೊಳೆ ಗೀರಿದರೆ ಸಣ್ಣ ಗೆರೆ ಅಷ್ಟೇ. ಒಳಗೋಡೆಗೆ ಪ್ಲಾಸ್ಟರ್ ಇಲ್ಲ. ಅಮ್ಮನ ಕೋಣೆಗೆ ಮಾತ್ರ ಸುಣ್ಣ, ಅವರಿಗೆ ಪೇಂಟಿನ ವಾಸನೆಗೆ ಕೆಮ್ಮು ಬರುತ್ತೆ.

ಕಿಟಕಿಗಳು ಎದುರುಬದುರು, ಗಾಳಿ ಆರಪಾರ ಹೋಗಲಿ ಅಂತ. ಅಮ್ಮನ ಕಿಟಕಿ ನೆಲದಿಂದ ಎರಡೇ ಅಡಿಗೆ ಶುರು. ಮೂರಡಿ ಇಟ್ಟರೆ ಕೂತವರಿಗೆ ಬರೀ ಆಕಾಶ ಕಾಣುತ್ತೆ.

ಹೊಸ್ತಿಲಿನ ವಿಷಯಕ್ಕೆ ವಾರಗಟ್ಟಲೆ ಚರ್ಚೆಯಾಯಿತು. ಚಕ್ರಕ್ಕೆ ಹೊಸ್ತಿಲು ಅಡ್ಡ. ಆದರೆ ಹೊಸ್ತಿಲಿಲ್ಲದ ಮನೆಗೆ ಬರೋದಿಲ್ಲ ಅಂದಿದ್ದು ಸ್ವತಃ ಅಮ್ಮನೇ. ಅರಿಶಿನ ಕುಂಕುಮ ಎಲ್ಲಿಗಿಡಲಿ ಅಂದರು. ಅವರ ಮಾತೂ ನ್ಯಾಯವೇ. ಕೊನೆಗೆ ಬಡಗಿಯೇ ದಾರಿ ತೋರಿಸಿದರು. ಊರಿನ ಹಳೇ ಮನೆಯ ಹಲಸಿನ ಹೊಸ್ತಿಲನ್ನು ತಂದು, ಗೆದ್ದಲು ಹಿಡಿಯದ ಹಾಗೆ ಅಡಿಗೆ ಗೇರೆಣ್ಣೆ ಬಳಿದು, ನೆಲದ ಮಟ್ಟಕ್ಕೇ ಹೂತಿದ್ದಾರೆ. ಮಳೆನೀರು ಒಳಗೆ ಬರದಂತೆ ಅದರ ಮುಂದೆ ಜಾಲರಿ ಹಾಕಿದ ಸಣ್ಣ ಕಾಲುವೆ, ಜಗಲಿ ಹೊರಕ್ಕೆ ಇಳಿಜಾರು. ಮೊನ್ನೆ ಅಮ್ಮ ಅದರ ಮೇಲೆ ಹಿಂದೆ ಮುಂದೆ ಮೂರು ಸಲ ಓಡಾಡಿ, ಬಗ್ಗಿ ಕೈಯಿಂದ ಸವರಿದರು. ಎಷ್ಟೋ ವರ್ಷ ಕಾಲು ಸವೆಸಿದ ಹಳ್ಳ ನಡುವೆ ಹಾಗೇ ಇದೆ.

ಮುಂದಿನದು ತಾರಸಿ. ಫಿಲ್ಲರ್ ಸ್ಲ್ಯಾಬ್ ಹಾಕ್ತಿದ್ದೇವೆ, ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಜನರಿಗೆ ಹತ್ತಿರ ಮಾಡಿದ ವಿಧಾನ. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯೋದು ಕಬ್ಬಿಣ, ಅಲ್ಲಿನ ಕಾಂಕ್ರೀಟಿಗೆ ಅಷ್ಟು ಕೆಲಸ ಇಲ್ಲ. ಆ ಜಾಗದಲ್ಲಿ ಮಂಗಳೂರು ಹೆಂಚು ಜೋಡಿ ಜೋಡಿಯಾಗಿ ಕೂರುತ್ತೆ. ಎರಡು ಹೆಂಚಿನ ನಡುವೆ ಉಳಿಯುವ ಗಾಳಿ ಬಿಸಿಲಿನ ಕಾವು ತಡೆಯುತ್ತೆ. ಕಬ್ಬಿಣದ ಲೆಕ್ಕವನ್ನು ಎಂಜಿನಿಯರ್ ಹತ್ತಿರವೇ ಮಾಡಿಸಿದ್ದೇನೆ, ಅದನ್ನು ಅಂದಾಜಿನಲ್ಲಿ ಮಾಡಬೇಡಿ. ತಾರಸಿ 90 ಚದರ ಮೀಟರ್. ಇಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ, ಅಂದರೆ ಸೋರಿ ಆವಿಯಾಗಿ ಹೋಗಿದ್ದು ಕಳೆದರೂ 60,000 ಲೀಟರ್ ಹತ್ತಿರ ಸಂಪಿಗೆ ಬರಬೇಕು. ಪೈಪಿನ ಜಾಗ ಈಗಲೇ ಗುರುತು ಮಾಡಿದ್ದೇವೆ.

ಬಿಚ್ಚಿದ ಮನೆಯೊಂದರಿಂದ 260 ಹೆಂಚು ಸಿಕ್ಕಿವೆ. ಪಾಚಿ ಉಜ್ಜಿ ತೊಳೆದು ಒಣಗಿಸಿದ್ದಾಗಿದೆ. ಇನ್ನೂ 80 ಬೇಕು. ಮೈಸೂರು, ಹುಣಸೂರು ಕಡೆ ಯಾರಾದರೂ ಹಳೇ ಹೆಂಚು ಇಳಿಸುತ್ತಿದ್ದರೆ ತಿಳಿಸಿ. ಅಂಚು ಮುಕ್ಕಾಗಿದ್ದರೂ ಪರವಾಗಿಲ್ಲ, ನಾನೇ ಬಂದು ಇಳಿಸಿಕೊಂಡು ಹೋಗುತ್ತೇನೆ.