ಟೈಮ್ ಬರೆಯದ ಪರ್ಮಿಟ್

2009ರಲ್ಲಿ ಹೊಸಪೇಟೆ ಹತ್ತಿರ ಲಾರಿ ತೂಗುವ ಒಂದು ವೇಬ್ರಿಡ್ಜಿನಲ್ಲಿ ನನಗೆ ರಾತ್ರಿ ಪಾಳಿ. ಡಿಗ್ರಿ ಮುಗಿದಿತ್ತು, ಬೇರೆ ಕೆಲಸ ಇರಲಿಲ್ಲ. ಅದಿರು ಲಾರಿ ಪ್ಲೇಟಿನ ಮೇಲೆ ಬಂದು ನಿಂತರೆ ಇಡೀ ರೂಮು ಸಣ್ಣಗೆ ನಡುಗುತ್ತಿತ್ತು. ಚೀಟಿ, ಬೆರಳು, ಚಹಾದ ಲೋಟ, ಎಲ್ಲದರ ಮೇಲೂ ಕೆಂಪು ಧೂಳು.

ಹತ್ತು ಗಾಲಿ ಲಾರಿಗೆ 16 ಟನ್ ಮಾಲು ಅಂತ ಲೆಕ್ಕ. ಪರದೆ ಮೇಲೆ 22, 24 ಬರೋದು. ಚೀಟಿಯಲ್ಲಿ ಮಾತ್ರ 16. ಬರೆಯುತ್ತಿದ್ದವನು ನಾನೇ.

ಅದಕ್ಕಿಂತ ದೊಡ್ಡ ಆಟ ಅದಿರು ಸಾಗಿಸೋ ಪರ್ಮಿಟ್‌ನಲ್ಲಿತ್ತು. ಹೊರಟ ಟೈಮಿನ ಜಾಗ ಖಾಲಿ. ಬೇಲೆಕೇರಿ ಬಂದರಿಗೆ ಹೋಗೋ ದಾರಿಯಲ್ಲಿ ಯಾರಾದರೂ ಹಿಡಿದರೆ ಆಗ ಟೈಮ್ ಬರೆದರಾಯಿತು. ಹಿಡಿಯಲಿಲ್ಲವೋ, ಅದೇ ಕಾಗದ ಮುಂದಿನ ಟ್ರಿಪ್ಪಿಗೂ ಬಂತು. ನಾಲ್ಕಾಗಿ ಮಡಚಿದ ಗೆರೆಯಲ್ಲಿ ಹರಿದು, ಸೆಲ್ಲೋಟೇಪ್ ಹಚ್ಚಿದ ಪರ್ಮಿಟ್ ಒಂದನ್ನು ವಾರದಲ್ಲಿ ಮೂರು ಸಲ ನೋಡಿದ್ದೇನೆ.

ಒಮ್ಮೆ ಧೈರ್ಯ ಮಾಡಿ ಕೇಳಿದೆ. ನಮ್ಮ ಹಿರಿಯ ಗುಮಾಸ್ತರು ನಕ್ಕರು. “ತಮ್ಮಾ, ಅರಸು ಕಾಲದಾಗ ಗ್ರೋವರ್ ಆಯೋಗ ಬಂತು. ಹೆಗಡೆ ಕಾಲದಾಗ ಸಾರಾಯಿ ಬಾಟ್ಲಿಂಗ್ ಗಲಾಟೆ. ನೀನು ಟೈಮ್ ಕೇಳ್ತೀಯಲ್ಲೋ!”

ಅವರು ಹೇಳಿದ್ದು ಸುಳ್ಳಲ್ಲ. ಗ್ರೋವರ್ ಆಯೋಗ ಬಂದದ್ದು ಮುಖ್ಯಮಂತ್ರಿ ದೇವರಾಜ ಅರಸು ಮೇಲಿನ ಭ್ರಷ್ಟಾಚಾರದ ಆರೋಪ ವಿಚಾರಿಸೋಕೆ. ಭ್ರಷ್ಟಾಚಾರದ ದೂರು ವಿಚಾರಿಸೋ ಲೋಕಾಯುಕ್ತ ಕಾಯ್ದೆ ತಂದದ್ದು ರಾಮಕೃಷ್ಣ ಹೆಗಡೆ ಸರ್ಕಾರ, 1984ರಲ್ಲಿ. ಅದೇ ಹೆಗಡೆ 1986ರಲ್ಲಿ ಬಾಟ್ಲಿಂಗ್ ಗುತ್ತಿಗೆ ಬಗ್ಗೆ ಹೈಕೋರ್ಟ್ ಟೀಕಿಸಿತು ಅಂತ ರಾಜೀನಾಮೆ ಕೊಟ್ಟು, ಮೂರೇ ದಿನದಲ್ಲಿ ವಾಪಸ್ ತಗೊಂಡರು.

ಆದರೆ ಅವರ ನಗುವಿನಲ್ಲಿ ಒಂದು ಸೋಮಾರಿತನ ಇತ್ತು, ನನಗೆ ಅದು ಅರ್ಥವಾಗಿದ್ದು ತಡವಾಗಿ. ಮೇಲಿನವರೆಲ್ಲ ಹಾಗೇ ಅಂದುಬಿಟ್ಟರೆ ನಮ್ಮ ಚೀಟಿ ಯಾರೂ ನೋಡಲ್ಲ, ಅಲ್ವಾ?

ನೋಡಿದರು. 2011ರ ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆ ಬಗ್ಗೆ ವರದಿ ಕೊಟ್ಟರು. ಅರಣ್ಯ ಅಧಿಕಾರಿ ಯು.ವಿ. ಸಿಂಗ್ ತಂಡ ಪರ್ಮಿಟ್, ಬ್ಯಾಂಕ್ ಖಾತೆ, ಕಂಪ್ಯೂಟರ್ ದಾಖಲೆ ಎಲ್ಲ ಹೊಂದಿಸಿ ನೋಡಿತ್ತು. 2006ರಿಂದ 2010ರವರೆಗೆ ಆದ ನಷ್ಟ 16,085 ಕೋಟಿ ರೂಪಾಯಿ ಅಂತ ವರದಿ ಹೇಳಿತು. ನಾಲ್ಕೇ ದಿನಕ್ಕೆ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಅವರ ಮೇಲಿನ ಕೇಸಿನಲ್ಲಿ 2016ರಲ್ಲಿ ಸಿಬಿಐ ಕೋರ್ಟ್ ಖುಲಾಸೆ ಮಾಡಿತು, ಅದನ್ನೂ ಹೇಳಬೇಕು. ಬಳ್ಳಾರಿ ಗಣಿಗಳನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದಾಗ ನಮ್ಮ ವೇಬ್ರಿಡ್ಜಿಗೂ ಬೀಗ ಬಿತ್ತು. ಎರಡು ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ.

ಈಗ ಗಂಗಾವತಿ ಕಡೆ ಭತ್ತದ ಲಾರಿ ತೂಗುತ್ತೇನೆ. ಹೊಸ ಹುಡುಗರಿಗೆ ಮೊದಲ ದಿನ ತೂಕ ಕಲಿಸಲ್ಲ, ಗಡಿಯಾರ ನೋಡಿ ಬರೆಯೋದು ಕಲಿಸುತ್ತೇನೆ. ತೂಕ ತಪ್ಪಿದರೆ ಲಾರಿಯನ್ನು ಮತ್ತೆ ಪ್ಲೇಟಿಗೆ ಹತ್ತಿಸಬಹುದು. ಖಾಲಿ ಬಿಟ್ಟ ಟೈಮಿನ ಜಾಗವನ್ನು ನಾಳೆ ಯಾರು ಬೇಕಾದರೂ ತುಂಬುತ್ತಾರೆ. ಮೊನ್ನೆ ಒಬ್ಬ ಡ್ರೈವರ್ ರೇಗಿದ, “ಎರಡು ನಿಮಿಷಕ್ಕೆ ಏನಾಗ್ತದ್ರೀ?” ಹುಡುಗ ತಲೆ ಎತ್ತದೆ 4:52 ಅಂತ ಬರೆದು ಚೀಟಿ ಕೊಟ್ಟ.