ಮ್ಯಾಟಿನ ಮೇಲೆ ಹಬ್ಬಿದ ಹುಳುಕಡ್ಡಿ: ಜಿಯು-ಜಿಟ್ಸು ತರಬೇತುದಾರನಾಗಿ ನಾನು ತಡವಾಗಿ ಕಲಿತದ್ದು

ಬೆಂಗಳೂರಿನಲ್ಲಿ ಬ್ರೆಜಿಲಿಯನ್ ಜಿಯು-ಜಿಟ್ಸು ಎಂಬ, ಕುಸ್ತಿಯಂತೆ ಹಿಡಿದು ಸೆಣಸುವ ಕಲೆಯನ್ನು ಕಲಿಸುವುದು ಒಂಬತ್ತು ವರ್ಷಗಳಿಂದ ನನ್ನ ವೃತ್ತಿ. ಹೊಸಬರಿಗೆ ಮೊದಲ ದಿನ ನಾನು ಹೇಳಿಕೊಡುವುದು ಯಾವ ಪಟ್ಟನ್ನೂ ಅಲ್ಲ, ಟ್ಯಾಪ್ ಮಾಡುವುದನ್ನು, ಅಂದರೆ ಸೋಲೊಪ್ಪಿ ಕೈ ತಟ್ಟುವುದನ್ನು. ಕತ್ತಿನ ಎರಡೂ ಬದಿಯ ರಕ್ತನಾಳಗಳನ್ನು ಒತ್ತುವ ಪಟ್ಟು ಸರಿಯಾಗಿ ಬಿಗಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಹಿಮ್ಮಡಿಯನ್ನು ತಿರುಚುವ ಹೀಲ್ ಹುಕ್‌ನಲ್ಲಂತೂ ನೋವು ತಿಳಿಯುವ ಹೊತ್ತಿಗೆ ಮಂಡಿಯ ಅಸ್ಥಿರಜ್ಜು ಹರಿದಿರಬಹುದು. ಆದ್ದರಿಂದ ನೋವಿಗಾಗಿ ಕಾಯಬಾರದು, ಸಿಕ್ಕಿಬಿದ್ದೆ ಎಂದು ಗೊತ್ತಾದ ಕೂಡಲೇ ಕೈ ತಟ್ಟಬೇಕು. ಕೀಲುಗಳ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದ ನಾನು ಚರ್ಮದ ವಿಷಯದಲ್ಲಿ ಇದೇ ನಿಯಮವನ್ನು ಪಾಲಿಸಲಿಲ್ಲ.

ಕೆಲವು ವರ್ಷಗಳ ಹಿಂದಿನ ಜೂನ್ ತಿಂಗಳು. ಪಂದ್ಯಾವಳಿಗೆ ತಯಾರಾಗುತ್ತಿದ್ದ ಹುಡುಗನೊಬ್ಬನ ಮುಂಗೈ ಮೇಲೆ ಎಂಟಾಣೆ ನಾಣ್ಯದಷ್ಟು ಅಗಲದ ಗುರುತು ಕಾಣಿಸಿತು. ಅಂಚು ಸ್ವಲ್ಪ ಉಬ್ಬಿ ಕೆಂಪಾಗಿತ್ತು, ನಡುವೆ ಚರ್ಮ ತಿಳಿಯಾಗಿತ್ತು. ಕೇಳಿದಾಗ, "ಮೆಡಿಕಲ್‌ನಲ್ಲಿ ಕ್ರೀಮ್ ತಗೊಂಡು ಹಚ್ಚಿದ್ದೀನಿ ಸರ್, ಆಗಲೇ ಕಡಿಮೆ ಆಗಿದೆ" ಎಂದ. ನಿಜವಾಗಿಯೂ ಕೆಂಪು ಇಳಿದಿತ್ತು. ಪಂದ್ಯ ಹತ್ತಿರದಲ್ಲಿದ್ದುದರಿಂದ ನಾನು ಸುಮ್ಮನಾದೆ. ಮೂರು ವಾರ ಕಳೆಯುವಷ್ಟರಲ್ಲಿ ಏಳು ಮಂದಿಯ ಕತ್ತು, ತೋಳು, ತೊಡೆಸಂದುಗಳಲ್ಲಿ ಅದೇ ಗುರುತು ಎದ್ದಿತ್ತು, ಆ ಹುಡುಗನ ಹೊಟ್ಟೆಯವರೆಗೂ ಹರಡಿತ್ತು. ಹತ್ತು ದಿನ ತರಗತಿಯನ್ನೇ ಮುಚ್ಚಿದೆ. ಅವನು ಪಂದ್ಯಕ್ಕೆ ಹೋಗಲಾಗಲಿಲ್ಲ.

ಇದು ಹುಳುಕಡ್ಡಿ, ಅಂದರೆ ಚರ್ಮಕ್ಕೆ ತಗಲುವ ಶಿಲೀಂಧ್ರದ ಸೋಂಕು ಎಂದ ಚರ್ಮರೋಗ ತಜ್ಞರು ಆ ಕ್ರೀಮಿನ ಟ್ಯೂಬನ್ನು ತಿರುಗಿಸಿ, ಅದರ ಹಿಂಬದಿಯ ಸಣ್ಣ ಅಕ್ಷರಗಳಲ್ಲಿದ್ದ ಕ್ಲೊಬೆಟಾಸಾಲ್ ಎಂಬ ಹೆಸರನ್ನು ನನಗೆ ತೋರಿಸಿದರು. ಅದು ಪ್ರಬಲವಾದ ಸ್ಟೀರಾಯ್ಡ್. ತುರಿಕೆಯನ್ನೂ ಕೆಂಪನ್ನೂ ಎರಡು ಮೂರು ದಿನಗಳಲ್ಲಿ ಅಡಗಿಸುತ್ತದೆ, ಆದರೆ ಚರ್ಮದ ಪ್ರತಿರೋಧವನ್ನು ಕುಗ್ಗಿಸಿ ಶಿಲೀಂಧ್ರಕ್ಕೆ ದಾರಿ ಬಿಟ್ಟುಕೊಡುತ್ತದೆ. ಉಂಗುರದ ಆಕಾರವೇ ಅಳಿಸಿಹೋಗುವುದರಿಂದ ಆಮೇಲೆ ನೋಡಿದ ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ಇದರ ಜೊತೆಗೆ ನಮ್ಮ ದೇಶದಲ್ಲಿ ಈಗ ವ್ಯಾಪಕವಾಗಿರುವ, 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೇ ಎಂದು ಹೆಸರು ಪಡೆದ ಶಿಲೀಂಧ್ರವು ಸಾಮಾನ್ಯವಾಗಿ ಕೊಡುವ ಟರ್ಬಿನಾಫಿನ್ ಔಷಧಕ್ಕೆ ಅನೇಕ ವೇಳೆ ಜಗ್ಗುವುದಿಲ್ಲ. ಅಮೆರಿಕದ ಶಾಲಾ ಕುಸ್ತಿಯಲ್ಲಿ ಮೈಮೇಲಿನ ಹುಳುಕಡ್ಡಿಗೆ 72 ಗಂಟೆಗಳ ಚಿಕಿತ್ಸೆಯಾದ ಮೇಲೆ ಕಣಕ್ಕಿಳಿಯಲು ಅವಕಾಶವಿದೆ. ನಮ್ಮಲ್ಲಿ ಅಷ್ಟು ಸಾಲದೆಂದು ಕಂಡದ್ದರಿಂದ ವೈದ್ಯರು ಒಪ್ಪಿಗೆ ಕೊಡುವವರೆಗೂ ನಾನು ಯಾರನ್ನೂ ಮ್ಯಾಟಿಗೆ ಬಿಡುವುದಿಲ್ಲ.

ಮುಚ್ಚಿದ್ದ ಆ ಹತ್ತು ದಿನಗಳಲ್ಲಿ ನಮ್ಮ ಶುಚಿತನವನ್ನು ಮೊದಲ ಬಾರಿ ಹತ್ತಿರದಿಂದ ಪರೀಕ್ಷಿಸಿದೆ. ಶೌಚಾಲಯಕ್ಕೂ ಮ್ಯಾಟಿಗೂ ಒಂದೇ ಬಕೆಟ್, ಒಂದೇ ಮಾಪ್. ಫಿನಾಯಿಲ್ ನೀರಿನಲ್ಲಿ ಒರೆಸಿ, ಕೂಡಲೇ ಫ್ಯಾನ್ ಹಾಕಿ ಒಣಗಿಸುತ್ತಿದ್ದೆವು. ಘಮ ಬಂದರೆ ಸ್ವಚ್ಛವಾಯಿತೆಂದು ನಂಬಿದ್ದೆವು. ಈಗ ಮ್ಯಾಟಿಗೆ ಬೇರೆಯೇ ಮಾಪ್ ಇದೆ. ಮೊದಲು ಗುಡಿಸಿ, ಸೋಪಿನ ನೀರಿನಲ್ಲಿ ಬೆವರಿನ ಜಿಡ್ಡು ತೆಗೆದು, ಆಮೇಲೆ ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಒರೆಸುತ್ತೇವೆ. ಮ್ಯಾಟ್ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು, ಅನಂತರ ಬರಿಯ ನೀರಿನಲ್ಲಿ ಒರೆಸಬೇಕು. ಬ್ಲೀಚನ್ನು ಆ್ಯಸಿಡ್ಡಿನೊಂದಿಗಾಗಲಿ ಬೇರೆ ಕ್ಲೀನರ್‌ಗಳೊಂದಿಗಾಗಲಿ ಎಂದೂ ಬೆರೆಸಬಾರದು, ವಿಷಾನಿಲ ಏಳುತ್ತದೆ.

ಮಳೆಗಾಲದಲ್ಲಿ ದೊಡ್ಡ ತೊಡಕು ಜಿ, ಅಂದರೆ ನಾವು ಅಭ್ಯಾಸಕ್ಕೆ ತೊಡುವ ಉಡುಪು. ಆ ದಪ್ಪ ಹತ್ತಿಯ ಅಂಗಿಯ ಕಾಲರ್ ಜುಲೈ ತಿಂಗಳಿನಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಮೇಲಿನಿಂದ ಮುಟ್ಟಿದರೆ ಒಣಗಿದಂತಿರುತ್ತದೆ, ಹಿಂಡಿ ನೋಡಿದರೆ ಒಳಗೆ ತಣ್ಣಗಿರುತ್ತದೆ. ಒಂದೇ ಜಿ ಇಟ್ಟುಕೊಂಡವರು ಅದನ್ನೇ ತೊಟ್ಟು ಬರುತ್ತಾರೆ. ಎರಡನೆಯ ಜಿ ಕೊಳ್ಳುವ ಮುನ್ನ ಬೇರೆ ಯಾವ ಸಲಕರಣೆಯನ್ನೂ ಕೊಳ್ಳಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಒಳಭಾಗವನ್ನು ಹೊರಗೆ ಮಾಡಿ ಒಣಗಿಸಬೇಕು, ಹೊಲಿಗೆಗಳ ಮೇಲೆ ಬಿಸಿ ಇಸ್ತ್ರಿ ಆಡಿಸಬೇಕು. ಬೆಲ್ಟ್ ತೊಳೆದರೆ ಗಳಿಸಿದ ವಿದ್ಯೆ ತೊಳೆದುಹೋಗುತ್ತದೆ ಎಂಬ ನಂಬಿಕೆ ಈ ಕಲೆಯಲ್ಲಿ ಹಲವರಿಗಿದೆ, ನಾನು ನನ್ನದನ್ನು ಎಲ್ಲರಿಗೂ ಕಾಣುವಂತೆ ತೊಳೆದು ನೇತುಹಾಕುತ್ತೇನೆ.

ಉಡುದಾರದ ಮಾತು ಸೂಕ್ಷ್ಮವಾದದ್ದು. ಸೊಂಟದಲ್ಲಿ ಸದಾ ಬೆವರು ಹೀರಿಕೊಂಡಿರುವ ಆ ದಾರದಲ್ಲಿ ಶಿಲೀಂಧ್ರ ಉಳಿದುಕೊಳ್ಳುತ್ತದೆ, ಚಿಕಿತ್ಸೆ ಮುಗಿದ ಮೇಲೆ ಮತ್ತೆ ಅಲ್ಲಿಂದಲೇ ಶುರುವಾಗುತ್ತದೆ. "ಅಮ್ಮ ಕಟ್ಟಿದ್ದು ಸರ್" ಎಂದು ಒಬ್ಬ ತಡವರಿಸಿದಾಗ, "ಇದನ್ನು ತೆಗೆದಿಡು, ಪೂರ್ತಿ ಗುಣವಾದ ಮೇಲೆ ಅಮ್ಮನ ಕೈಯಲ್ಲೇ ಹೊಸದು ಕಟ್ಟಿಸಿಕೊ" ಎಂದೆ. ಅವನ ತಾಯಿಯೂ ಒಪ್ಪಿದರು.

ಉಗುರು ಕತ್ತರಿಸುವುದು, ಮ್ಯಾಟಿನಿಂದ ಇಳಿದರೆ ಚಪ್ಪಲಿ ಮೆಟ್ಟುವುದು, ಟವೆಲ್ ಹಂಚಿಕೊಳ್ಳದಿರುವುದು ಎಲ್ಲರಿಗೂ ಗೊತ್ತಿರುವ ಮಾತು. ಅಂತರರಾಷ್ಟ್ರೀಯ ಫೆಡರೇಷನ್ನಿನ ಪಂದ್ಯಗಳಲ್ಲಿ ಉಗುರು ಚಿಕ್ಕದಾಗಿರಬೇಕು, ಜಿ ಒಣಗಿ ಶುಭ್ರವಾಗಿರಬೇಕು ಎಂಬ ನಿಯಮವೇ ಇದೆ.

ನಿಯಮಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಫೀಸಿನ ಬದಲಾವಣೆ. ಏಳು ಮಂದಿಯಲ್ಲಿ ಐವರಿಗೆ ತಮ್ಮ ಮೈಮೇಲಿನ ಗುರುತು ಮೊದಲೇ ಗೊತ್ತಿತ್ತು. ಯಾಕೆ ಹೇಳಲಿಲ್ಲವೆಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ ಎರಡು ಉತ್ತರ ಬಂದವು: ಕೊಳಕು ಎಂದುಕೊಳ್ಳುತ್ತಾರೆಂಬ ನಾಚಿಕೆ, ಕಟ್ಟಿದ ತಿಂಗಳ ಹಣ ಹೋಗುತ್ತದೆಂಬ ಚಿಂತೆ. ಎರಡನೆಯದಕ್ಕೆ ನಾನೇ ಕಾರಣ. ಅಂದಿನಿಂದ ಚರ್ಮದ ಸೋಂಕಿಗಾಗಿ ತಪ್ಪಿದ ದಿನಗಳನ್ನೆಲ್ಲ ಮುಂದಿನ ತಿಂಗಳಿಗೆ ಸೇರಿಸುತ್ತೇನೆ. ಬರಲು ಇಷ್ಟವಿದ್ದವರು ಮ್ಯಾಟಿನ ಹೊರಗೆ ಕುರ್ಚಿಯಲ್ಲಿ ಕುಳಿತು ಪಾಠ ನೋಡಬಹುದು, ಗಡಿಯಾರ ನೋಡಿಕೊಳ್ಳಬಹುದು. ತಿಂಗಳಿಗೆ ಸ್ವಲ್ಪ ಆದಾಯ ಕಡಿಮೆಯಾಗುತ್ತದೆ, ಆದರೆ ಹತ್ತು ದಿನ ಬಾಗಿಲು ಹಾಕಿದ ನಷ್ಟದ ಮುಂದೆ ಅದು ಏನೂ ಅಲ್ಲ. ನಾಚಿಕೆ ಹೋಗಲೆಂದು ತರಗತಿಗೆ ಮುನ್ನ ನನ್ನ ಕೈ, ಕತ್ತುಗಳನ್ನೇ ಮೊದಲು ತೋರಿಸುತ್ತೇನೆ.

ಕಳೆದ ಮಳೆಗಾಲದಲ್ಲಿ ಇಬ್ಬರು ತರಗತಿಗೆ ಬರುವ ಮೊದಲೇ ಫೋಟೊ ಕಳಿಸಿದರು. ಒಬ್ಬರದು ಹುಳುಕಡ್ಡಿಯೇ ಆಗಿತ್ತು, ಐದು ವಾರ ಹೊರಗಿದ್ದರು, ಬೇರೆ ಯಾರಿಗೂ ಹರಡಲಿಲ್ಲ. ಇನ್ನೊಬ್ಬರದು ಬರೀ ಕೀಟ ಕಚ್ಚಿದ ಗುರುತು ಎಂದು ವೈದ್ಯರು ಹೇಳಿದರು. ಅವರಿಗೆ ತಪ್ಪಿದ ಎರಡು ತರಗತಿಗಳನ್ನೂ ಮುಂದಿನ ತಿಂಗಳಿಗೆ ಸೇರಿಸಿದೆ.