ಒಂದು ಕೈಗೆ ಎಟುಕುವ ಕೋಣೆ

ನಮ್ಮ ಕಡೆ ಬಾಣಂತಿ ಕೋಣೆ ಅಂದರೆ ಹೀಗೇ ಇರಬೇಕು ಅಂತ ಮೊದಲೇ ಗೊತ್ತಾಗಿರುತ್ತದೆ. ಮನೆಯ ಒಳಗಿನ ಕೋಣೆ, ಮುಚ್ಚಿದ ಕಿಟಕಿ, ಮಂಚದ ಮೇಲೆ ಕೌದಿ, ಮೂಲೆಯಲ್ಲಿ ಕೆಂಡ ಹಾಕುವ ಕುಂಡ, ಸಾಂಬ್ರಾಣಿ ಡಬ್ಬಿ. ದಾವಣಗೆರೆಯ ನಿಟುವಳ್ಳಿಯಲ್ಲಿರುವ ನಮ್ಮ ತವರುಮನೆಯಲ್ಲೂ ಅಜ್ಜಿ ಎಲ್ಲಾ ಸಜ್ಜು ಮಾಡಿಟ್ಟಿದ್ದಳು. ತೊಟ್ಟಿಲು ತೊಳೆದು ಬಿಸಿಲಿಗೆ ಇಟ್ಟಾಗಿತ್ತು. ಹಳೇ ಕಾಟನ್ ಸೀರೆ ಹರಿದು ಕೂಸಿನ ಬಟ್ಟೆ ಮಾಡಿಯಾಗಿತ್ತು. ಚೌಕಿಪೇಟೆಗೆ ಹೋಗಿ ಅಮ್ಮ ಮುಂದೆ ಜಿಪ್ ಇರುವ ನೈಟಿ ತಂದಿದ್ದಳು. ಎಲ್ಲಾ ಇತ್ತು. ಕೂಸಿಗೆ ಹಾಲು ಕುಡಿಸಲು ಕೂರುವ ಜಾಗ ಒಂದು ಇರಲಿಲ್ಲ.

ಅದೇನು ದೊಡ್ಡ ವಿಷಯ, ಮಂಚದ ಮೇಲೆ ಕೂತರಾಯ್ತು ಅಂತ ಎಲ್ಲರೂ ಅಂದುಕೊಂಡಿದ್ದರು. ನಾನೂ ಸೇರಿ. ಆದರೆ ಮನೆಯಲ್ಲಿದ್ದದ್ದು ನವಾರ ಮಂಚ. ಮಲಗಿದರೆ ಸುಖ, ಕೂತರೆ ನಡುವೆ ಕುಸಿಯುತ್ತದೆ. ಸಿಜೇರಿಯನ್ ಹೊಲಿಗೆ ಹಸಿ. ಬೆನ್ನು ಬಾಗಿ, ಕತ್ತು ಕೆಳಗಾಗಿ, ಕೂಸಿನ ತಲೆ ಒಂದು ಕೈಯಲ್ಲಿ ಹಿಡಿದು ಕೂತರೆ ಐದು ನಿಮಿಷಕ್ಕೇ ಭುಜ ಸೆಟೆದುಕೊಳ್ಳುತ್ತಿತ್ತು. ಆಸ್ಪತ್ರೆಯಿಂದ ಹೊರಡುವಾಗ ನರ್ಸ್ ಹೇಳಿದ್ದರು, ಇಪ್ಪತ್ತನಾಲ್ಕು ಗಂಟೆಯಲ್ಲಿ 8ರಿಂದ 12 ಸಲ ಕುಡಿಸಬೇಕು ಅಂತ. ಹೊಸ ಕೂಸು ಒಂದು ಸಲಕ್ಕೆ ಅರ್ಧ ಗಂಟೆ ತೆಗೆದುಕೊಂಡರೂ ದಿನಕ್ಕೆ ನಾಲ್ಕರಿಂದ ಆರು ಗಂಟೆ ಆಯ್ತಲ್ವಾ? ಆಫೀಸಿನಲ್ಲಿ ಕೂಡ ನಾನು ಅಷ್ಟು ಹೊತ್ತು ಮೈ ಅಲ್ಲಾಡಿಸದೆ ಕೂತವಳಲ್ಲ. ಅಲ್ಲಿ ಕುರ್ಚಿ ಸರಿಯಿಲ್ಲ ಅಂತ ಜಗಳವನ್ನಾದರೂ ಮಾಡಬಹುದಿತ್ತು.

ಆ ಶನಿವಾರ ರಾತ್ರಿ ಆದದ್ದು ಇಷ್ಟೇ. ಕೂಸು ಚೆನ್ನಾಗಿ ಬಾಯಿ ಹಾಕಿ ಎಳೆಯತೊಡಗಿತು. ಹಾಲು ಇಳಿಯುವ ಹೊತ್ತಿಗೆ ಬಾಯಾರಿಕೆ ಒಮ್ಮೆಲೇ ಬರುತ್ತದೆ. ಕುಡಿಸಿದವರಿಗೆ ಗೊತ್ತು, ನಾಲಿಗೆ ಒಣಗಿ ಅಂಟಿಕೊಂಡ ಹಾಗಾಗುತ್ತದೆ. ಪಕ್ಕದಲ್ಲೇ ಸ್ಟೀಲ್ ಬಾಟಲಿ ಇತ್ತು, ತುಂಬಾ ನೀರಿತ್ತು. ಮುಚ್ಚಳ ತಿರುಪಿನದು. ಒಂದು ಕೈ ಕೂಸಿಗೆ ಹೋಗಿದೆ. ಬಾಟಲಿಯನ್ನು ತೊಡೆಯ ನಡುವೆ ಸಿಕ್ಕಿಸಿ ಇನ್ನೊಂದು ಕೈಯಲ್ಲಿ ತಿರುಗಿಸಿದೆ. ಬಾಟಲಿಯೇ ತಿರುಗಿತು, ಮುಚ್ಚಳ ಬರಲಿಲ್ಲ. ಹಲ್ಲಿನಲ್ಲಿ ಕಚ್ಚಿ ನೋಡಿದೆ. ಕೊನೆಗೆ ಅಮ್ಮನನ್ನು ಎಬ್ಬಿಸಬೇಕಾಯಿತು. ಅವಳು ಆಗಷ್ಟೇ ಕಣ್ಣು ಮುಚ್ಚಿದ್ದಳು. ಎದ್ದವಳು ಟ್ಯೂಬ್‌ಲೈಟ್ ಹಾಕಿದಳು. ಬೆಳಕಿಗೆ ಕೂಸು ಬಾಯಿ ಬಿಟ್ಟು ಚೀರಿತು. ಅಜ್ಜಿ ಎದ್ದಳು, ಅಪ್ಪ ಹಾಲ್‌ನಿಂದಲೇ ಏನಾಯ್ತು ಅಂದರು. ಒಂದು ಲೋಟ ನೀರಿಗೆ ಇಡೀ ಮನೆ ಎದ್ದು ಕೂತಿತ್ತು.

ಬೆಳಿಗ್ಗೆ ತಮ್ಮನಿಗೆ ಹೇಳಿದೆ, "ಇವತ್ತು ಭಾನುವಾರ ಅಲ್ಲೇನೋ, ನನಗೊಂದು ಜಾಗ ಮಾಡಿಕೊಡು." ಅವನಿಗೆ ಇಂಥ ಕೆಲಸ ಕೊಟ್ಟರೆ ಊಟ ಬೇಡ. ಟೇಪು, ಸ್ಕ್ರೂಡ್ರೈವರ್ ಹಿಡಿದೇ ಬಂದ.

ಹಾಲ್‌ನ ಸೋಫಾ ತಂದುಬಿಡೋಣ ಅಂದರು ಅಪ್ಪ. ನಾನು ಒಪ್ಪಲಿಲ್ಲ. ಸೋಫಾ ಮೆತ್ತಗೆ, ಕೂತರೆ ಹೂತುಹೋಗುತ್ತದೆ, ಏಳುವಾಗ ಹೊಟ್ಟೆಯ ಮೇಲೆ ಭಾರ ಬೀಳುತ್ತದೆ. ಅದಕ್ಕಿಂತ ದೊಡ್ಡ ಕಾರಣ ಬೇರೆ. ರಾತ್ರಿ ಕುಡಿಸುತ್ತಾ ತೂಕಡಿಕೆ ಬರುತ್ತದೆ. ಸೋಫಾದಲ್ಲಿ ಕೂಸನ್ನು ಹಿಡಿದು ನಿದ್ದೆ ಹೋದರೆ ಅದು ಸಂದಿಯಲ್ಲಿ ಸಿಕ್ಕಿ ಉಸಿರು ಕಟ್ಟುವ ಅಪಾಯ ಹಾಸಿಗೆಗಿಂತಲೂ ಜಾಸ್ತಿ. ನಮ್ಮವರು ಆನ್‌ಲೈನ್‌ನಲ್ಲಿ ತರಿಸಿದ್ದ ಯು ಆಕಾರದ ದಿಂಬು ಕೂಡ ಸುಮ್ನೆ ಬಿದ್ದಿತ್ತು. ಸೊಂಟಕ್ಕೆ ಸುತ್ತಿದರೆ ಸರಿಯಾಗಿ ಹೊಲಿಗೆಯ ಮೇಲೇ ಕೂರುತ್ತಿತ್ತು. ಆಮೇಲಾಮೇಲೆ ಬಳಸಿದೆ, ದುಡ್ಡು ದಂಡ ಅನ್ನಲ್ಲ.

ಹೊಲಿಗೆಗೆ ತಾಗದ ಹಾಗೆ ಕುಡಿಸುವ ರೀತಿಯನ್ನು ನರ್ಸ್ ತೋರಿಸಿದ್ದರು. ಕೂಸನ್ನು ಮಡಿಲಲ್ಲಿ ಅಡ್ಡ ಮಲಗಿಸುವುದಲ್ಲ. ಕಂಕುಳ ಕೆಳಗೆ ಪಕ್ಕದಲ್ಲಿ ಇಟ್ಟುಕೊಂಡು, ಕಾಲು ಬೆನ್ನ ಕಡೆಗೆ ಹೋಗುವಂತೆ, ತಲೆ ಅಂಗೈಯಲ್ಲಿ. ಕೈ ಇರುವ ಕುರ್ಚಿಯಲ್ಲಿ ಇದು ಆಗುವುದೇ ಇಲ್ಲ, ಕೂಸಿನ ಕಾಲಿಗೆ ಕುರ್ಚಿಯ ಕೈ ಅಡ್ಡ. ಪ್ಲಾಸ್ಟಿಕ್ ಕುರ್ಚಿ, ಅಪ್ಪನ ಮರದ ಕುರ್ಚಿ ಎರಡೂ ಹಾಗೇ ಬಿದ್ದುಹೋದವು. ಕೊನೆಗೆ ತಮ್ಮನ ಕಣ್ಣಿಗೆ ಬಿದ್ದದ್ದು ಅಮ್ಮನ ಹೊಲಿಗೆ ಯಂತ್ರದ ಮುಂದಿದ್ದ ಕುರ್ಚಿ. ಕೈ ಇಲ್ಲ, ಬೆನ್ನು ನೆಟ್ಟಗೆ, ಸೀಟು ಗಟ್ಟಿ. ಅದನ್ನು ಮಂಚದ ಪಕ್ಕಕ್ಕೆ ಒತ್ತಿಟ್ಟ. ಮಂಚದ ಅಂಚಿನ ಮೇಲೆ ಎರಡು ದಿಂಬು. ಕೂಸು ದಿಂಬಿನ ಮೇಲೆ, ಸರಿಯಾಗಿ ಎದೆಯ ಎತ್ತರಕ್ಕೆ. ಭಾರವೆಲ್ಲಾ ಮಂಚದ್ದು, ನನ್ನ ಕೈ ಬರೀ ಆಸರೆ. ಇನ್ನೊಂದು ಕಡೆ ಕುಡಿಸಬೇಕಾದರೆ ಅಮ್ಮ ಕುರ್ಚಿಯನ್ನು ಹಿಂದುಮುಂದು ತಿರುಗಿಸಿಡುತ್ತಿದ್ದಳು. ಸೊಂಟದ ಹಿಂದೆ ಸುತ್ತಿದ ಟವೆಲ್. ಕಾಲು ನೆಲಕ್ಕೆ ಪೂರ್ತಿ ಊರುತ್ತಿರಲಿಲ್ಲ, ಅದಕ್ಕೆ ಅಜ್ಜಿಯ ಊಟದ ಮಣೆ ಬಂತು. ಮಣೆಯ ಮೇಲೆ ಕಾಲಿಟ್ಟ ಕೂಡಲೇ ಭುಜ ತಾನೇ ಇಳಿಯಿತು. ಕಾಲಿಗೂ ಭುಜಕ್ಕೂ ಏನು ನಂಟೋ!

ಆಮೇಲೆ ನೀರಿನ ವಿಷಯ. ನಾನು ತಮ್ಮನಿಗೆ ಒಂದೇ ನಿಯಮ ಹೇಳಿದ್ದೆ. ನನಗೆ ಬೇಕಾದ್ದು ಯಾವುದೇ ಇರಲಿ, ಕೂತಲ್ಲಿಂದ ಒಂದು ಕೈಗೆ ಸಿಗಬೇಕು, ಒಂದೇ ಕೈಯಲ್ಲಿ ತೆಗೆಯುವಂತಿರಬೇಕು. ಅವನು ಪರೀಕ್ಷೆಗೆ ತಾನೇ ಕೂತ. ಒಂದು ದಿಂಬನ್ನು ಕೂಸಿನ ಹಾಗೆ ಕಂಕುಳಲ್ಲಿ ಹಿಡಿದುಕೊಂಡು ಒಂದೊಂದನ್ನೇ ತೆಗೆದು ನೋಡಿದ. ತಿರುಪಿನ ಬಾಟಲಿ ಹೊರಗೆ ಹೋಯಿತು, ಮೇಲೆ ತಟ್ಟೆ ಮುಚ್ಚಿದ ತಂಬಿಗೆ ಬಂತು. ಅಂಟಿನುಂಡೆಯ ಸ್ಟೀಲ್ ಡಬ್ಬಿಯ ಮುಚ್ಚಳ ಬಿಗಿ. ಅದನ್ನು ಸಡಿಲ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದ, ಹಾಕುವಾಗ ಎರಡು ತಿಂದೂ ಬಿಟ್ಟ. "ಬಾಣಂತಿದು ಕಣೋ ಅದು!" ಅಂತ ಅಜ್ಜಿ ಬೈದಳು. ಸ್ಟೂಲ್ ಮೇಲೆ ಒರೆಸುವ ಬಟ್ಟೆ, ಬದಲಿಸಲು ಲಂಗೋಟಿ, ಫೋನು. ಗೋಡೆಯ ಸ್ವಿಚ್ ದೂರ ಇತ್ತು, ಅದಕ್ಕೆ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಮಂಚದ ಕಾಲಿಗೆ ಕಟ್ಟಿ, ಹಳದಿ ಝೀರೋ ಬಲ್ಬ್ ಹಾಕಿದ. ರಾತ್ರಿ ಅದೊಂದೇ ಸಾಕು. ಯಾವ ಕಡೆ ಕುಡಿಸಿ ಮುಗಿಸಿದೆ ಅನ್ನುವುದು ನಿದ್ದೆಗಣ್ಣಲ್ಲಿ ಮರೆತೇ ಹೋಗುತ್ತಿತ್ತು. ಅದಕ್ಕೆ ನೈಟಿಗೆ ಒಂದು ಪಿನ್ನು. ಮುಂದಿನ ಸಲ ಎಲ್ಲಿಂದ ಶುರುವೋ ಆ ಕಡೆಗೆ ಚುಚ್ಚಿಕೊಳ್ಳುತ್ತಿದ್ದೆ.

ಉಳಿದದ್ದು ಬಾಗಿಲು. ಕೂಸು ನೋಡಲು ಬರುವವರು ಸೀದಾ ಒಳಗೆ ಬಂದು ಮಂಚದ ಮೇಲೇ ಕೂರುತ್ತಿದ್ದರು. "ಹಾಲು ಬರ್ತಾವೇನವ್ವಾ?" ಅಂತ ಮೊದಲ ಪ್ರಶ್ನೆ. ಪ್ರೀತಿಗೇ ಕೇಳುತ್ತಾರೆ, ಆದರೆ ಆ ಪ್ರಶ್ನೆಗೇ ಬರುವ ಹಾಲೂ ನಿಂತುಹೋಗುತ್ತೇನೋ ಅನ್ನಿಸುತ್ತಿತ್ತು. ಗಾಬರಿ, ಸಂಕೋಚ ಇದ್ದಾಗ ಹಾಲು ಇಳಿಯುವುದು ತಡವಾಗುತ್ತದೆ ಅನ್ನುವುದು ನಿಜವೂ ಹೌದು. ಬಾಗಿಲಿನಿಂದ ಕಾಣದ ಮೂಲೆಗೆ ಮಂಚ ಸರಿಸಿ, ಅಮ್ಮನ ಹಳೇ ಸೀರೆಯಿಂದ ಪರದೆ ಕಟ್ಟಿದೆವು. ಪರದೆ ಎಳೆದಿದ್ದರೆ ಯಾರೂ ಬರುವ ಹಾಗಿಲ್ಲ. ಅಪ್ಪ ಅಂತೂ ಅಂದಿನಿಂದ ಪರದೆ ತೆರೆದಿದ್ದರೂ ಎರಡು ಸಲ ಕೆಮ್ಮಿಯೇ ಬರುತ್ತಿದ್ದರು. ಬಂದವರನ್ನು ಹಾಲ್‌ನಲ್ಲಿ ಕೂರಿಸಿ, ಮಂಡಕ್ಕಿ ಮೆಣಸಿನಕಾಯಿ ಕೊಟ್ಟು ಮಾತಿಗೆ ಎಳೆಯುವ ಕೆಲಸವೂ ಅವರದೇ ಆಯಿತು.

ಮರುದಿನ ಆಶಾ ಕಾರ್ಯಕರ್ತೆ ಬಂದರು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ ಬಂದು ನೋಡಬೇಕು ಅಂತ ಇದೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಕುಡಿಸಲು ಹೇಳಿದರು. "ಎದೆ ಕೂಸಿನ ಹತ್ರ ಒಯ್ಯಬ್ಯಾಡ್ರಿ ಅಕ್ಕಾ, ಕೂಸನ್ನ ಎದೆ ಹತ್ರ ತರ್ರಿ." ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿ ಇರಬೇಕು. ಬಾಯಿ ಅಗಲವಾಗಿ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗದ್ದ ಎದೆಗೆ ತಾಗಿರಬೇಕು. ಬರೀ ತೊಟ್ಟು ಕಚ್ಚಿದರೆ ಬಿರುಕು ಬಿಟ್ಟು ನೋವಾಗುತ್ತದೆ, ಹಾಲೂ ಸರಿಯಾಗಿ ಸಿಗಲ್ಲ. ದಿಂಬನ್ನು ಒಂದು ಮಡಿಕೆ ಏರಿಸಿದರು ಅಷ್ಟೇ. ನೋವು ಅರ್ಧಕ್ಕರ್ಧ ಇಳಿಯಿತು.

ಕೆಂಡದ ಕುಂಡ ನೋಡಿ ಅವರು ಅಜ್ಜಿಯ ಜೊತೆ ಕೂತರು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ವಾಸನೆಯೇ ಇಲ್ಲದ ವಿಷಗಾಳಿ ತುಂಬುತ್ತದೆ, ಹೊಗೆ ಕೂಸಿನ ಎದೆಗೂ ಒಳ್ಳೆಯದಲ್ಲ ಅಂದರು. ಅಜ್ಜಿ ಸುಲಭಕ್ಕೆ ಒಪ್ಪುವವಳಲ್ಲ. "ನಾನು ಆರು ಹೆತ್ತಿಲ್ವಾ?" ಅಂದಳು. ಆಮೇಲೆ ರಾಜಿಯಾಯಿತು. ಎಣ್ಣೆ ನೀರಾದ ಮೇಲೆ ನನ್ನ ತಲೆಗೂದಲಿಗೆ ಮಾತ್ರ ಸಾಂಬ್ರಾಣಿ, ಅದೂ ಹಿತ್ತಲಲ್ಲಿ. ಕಿಟಕಿಯ ಒಂದು ಬಾಗಿಲು ತೆರೆಯಿತು. ಫ್ಯಾನು ಒಂದರಲ್ಲಿ, ನೇರವಾಗಿ ಕೂಸಿನ ಮೇಲೆ ಬೀಸದ ಹಾಗೆ. ಏಪ್ರಿಲ್‌ನ ದಾವಣಗೆರೆ ಬಿಸಿಲಲ್ಲಿ ಕುಲಾವಿ ಹಾಕಿ ಕೌದಿ ಹೊದಿಸಿದರೆ ಕೂಸಿನ ಮೈ ಅತಿಯಾಗಿ ಕಾಯುತ್ತದೆ, ಅದೂ ಅಪಾಯವೇ. "ಇಷ್ಟು ಬಿಸಿಲಿಗೆ ಒಂದು ಚಮಚ ನೀರಾದರೂ ಬೇಡ್ವಾ ಕೂಸಿಗೆ?" ಅಂತ ಅಜ್ಜಿಯ ಕೊನೆಯ ಪ್ರಯತ್ನ. ಆರು ತಿಂಗಳ ತನಕ ನೀರೂ ಬೇಡ, ಎದೆಹಾಲಲ್ಲೇ ಬೇಕಾದಷ್ಟು ನೀರಿದೆ, ಜೇನುತುಪ್ಪ ಅಂತೂ ವರ್ಷ ತುಂಬುವ ತನಕ ಮುಟ್ಟಿಸಬೇಡಿ ಅಂದರು. ನೀರು ಕುಡಿಯಬೇಕಾದವಳು ನಾನು. ತಂಬಿಗೆ ತುಂಬಿಸುವ ಕೆಲಸ ಅಜ್ಜಿ ತಾನೇ ವಹಿಸಿಕೊಂಡಳು.

ಹೊಲಿಗೆ ಒಣಗಿದ ಮೇಲೆ ರಾತ್ರಿಯ ಸಲಗಳನ್ನು ಪಕ್ಕಕ್ಕೆ ಮಲಗಿಯೇ ಕುಡಿಸತೊಡಗಿದೆ. ಮುಗಿದ ಮೇಲೆ ಅಮ್ಮ ಕೂಸನ್ನು ತೊಟ್ಟಿಲಿಗೆ ಹಾಕುತ್ತಿದ್ದಳು. ಹಗಲಿಗೆ ಮಾತ್ರ ಆ ಕುರ್ಚಿಯೇ. ಅಷ್ಟು ದಿನ ಅಮ್ಮ ಹೊಲಿಗೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಗೊಣಗುತ್ತಿದ್ದಳು. ಈಗ ಚಿಕ್ಕಮ್ಮನ ಸೊಸೆಗೆ ಏಳು ತಿಂಗಳು. ಕುರ್ಚಿ ಕಳಿಸಿ ಅಂತ ಫೋನು ಬಂದಿದೆ, ಅಮ್ಮ ಹೂಂ ಅಂದಿದ್ದಾಳೆ. ಮಣೆ ಮಾತ್ರ ಕೊಡಲ್ಲ, ಅವರ ಮನೆಯಲ್ಲೇ ಎರಡು ಇವೆ, ಹುಡುಕಲಿ ಅಂತ ಅಜ್ಜಿ.